ಖಾನೇಷುಮಾರಿಯ ರಾತ್ರಿ

ವಿಕೃತಿ ಸಂವತ್ಸರ, ಮಾಘ, ಹುಣ್ಣಿಮೆ ಕಳೆದ ಮೂರನೇ ರಾತ್ರಿ.
ಗಂಜಾಮಿನ ಎರಡು ಬೀದಿ, ಒಂದು ಓಣಿ,
ಹೊಳೆದಂಡೆಯ ಆರು ಗುಡಿಸಲು ನನ್ನ ಪಾಲಿಗೆ.
ಸಂಬಳವಿಲ್ಲ. ಅಮಲ್ದಾರರ ಮೊಹರು ಬಿದ್ದ ಕಾಗದದ ಕಟ್ಟು,
ಕರಿ ಮಸಿ, ಕೆಂಪು ಮಸಿ, ಒಂದು ಲಾಂದ್ರ,
ಲಾಂದ್ರ ಹಿಡಿಯಲು ನನ್ನದೇ ಶಾಲೆಯ ಹುಡುಗ ಶೇಷ.
ದೆವ್ವದ ಭಯಕ್ಕೆ ದಾರಿಯುದ್ದ ಮಗ್ಗಿ ಹೇಳುತ್ತಾನೆ,
ಹದಿಮೂರರಲ್ಲಿ ತಪ್ಪುತ್ತಾನೆ.

ತಿಂಗಳ ಕೆಳಗೆ ನಾನೇ ಬಾಗಿಲ ಮೇಲೆ
ಜಾಜಿನಲ್ಲಿ ಅಂಕಿ ಬರೆದಿದ್ದೆ.
ತಲೆಗಂದಾಯವೆಂದು ಹೆದರಿ ಕೆಲವರು ಸಗಣಿ ಸಾರಿಸಿದ್ದಾರೆ.
ಮೂವತ್ತೊಂದಕ್ಕೆ ಯಾರೋ ಕುಂಕುಮ ಇಟ್ಟಿದ್ದಾರೆ.

ಇಷ್ಟೇ ಕೆಲಸ: ಈ ರಾತ್ರಿ ಇದ್ದವರು ಇರಬೇಕು.
ಹೋದವರನ್ನು ಕೆಂಪಿನಲ್ಲಿ ಹೊಡೆದು
ಬಂದವರನ್ನು ಕೆಂಪಿನಲ್ಲೇ ಸೇರಿಸಬೇಕು.

ಸಾತಮ್ಮನ ಮನೆ. ಮೊದಲ ಸುತ್ತಿನಲ್ಲಿ ಇವಳು
ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗಿಟ್ಟು
'ಏಳು ಬೆಟ್ಟದ ಮ್ಯಾಲವ್ನೆ' ಅಂದಿದ್ದಳು.
ವೆಂಕಟಪ್ಪನೆ? ತಲೆಯಲ್ಲಾಡಿಸಿದಳು.
ತಿಮ್ಮಯ್ಯನೆ? ಒಲೆ ನೋಡಿದಳು. ಬರೆದುಕೊಂಡೆ.
ಈಗ ತಿಮ್ಮಯ್ಯನೇ ಜಗಲಿಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ,
ಸರ್ಕಾರಕ್ಕೆ ಅಷ್ಟು ಸಾಕು.

ಅಂಜೂರದ ತೋಟದ ಬುಡೇನ ಸಾಬಿಗೆ ವರ್ಷಗಳು ಗೊತ್ತಿಲ್ಲ.
'ಧಾತು ಈಶ್ವರದ ಬರದಾಗೆ ಮಗಳಿಗೆ ಎರಡು ಹಲ್ಲು ಬಂದಿತ್ತು,
ತಿನ್ನಾಕೆ ಏನೂ ಇರ್ಲಿಲ್ಲ.
ಮಗ, ರೈಲು ಮೊದಲು ಕೂಗ್ತಲ್ಲ, ಅದರ ಸದ್ದಿಗೇ ಹುಟ್ಟಿದ್ದು.'
ಹದಿನಾಲ್ಕು, ಎಂಟು ಅಂತ ಬರೆದಿದ್ದೆ.
ಇಬ್ಬರೂ ಒಂದೇ ಕಂಬಳಿಯಲ್ಲಿ.

ಅಂಬಿಗರ ಮಾಯಿಗ ಮರಳಿನಲ್ಲಿದ್ದ,
ಕಲ್ಲಂಗಡಿ ಬಳ್ಳಿಗಳ ನಡುವೆ, ಬೋರಲು ಹಾಕಿದ ಹರಿಗೋಲಿನಡಿ.
'ನಂಗೆಲ್ಲಿ ಬಾಗ್ಲು, ಅಯ್ನೋರೆ?'
ಕಸುಬು? 'ನೀರಿದ್ರೆ ನೀರು, ಇಲ್ದಿದ್ರೆ ಮರಳು.'
ಹರಿಗೋಲಿನ ಮೇಲೇ ಅಂಕಿ ಬರೆಯೋಣವೆಂದ ಶೇಷ.

ಛತ್ರದಲ್ಲಿ ಒಬ್ಬ ಉಪ್ಪಿನ ವ್ಯಾಪಾರಿ, ಹೊಸಬ.
ಹುಟ್ಟಿದೂರು ನಾಗಪಟ್ಟಣ. ಕೆಂಪಿನಲ್ಲಿ ಸೇರಿಸಿದೆ.
'ನಿಮ್ಮ ಹೊಳೆ ನಮ್ಮ ಕಡೆ ಬಂದು ಉಪ್ಪಾಗುತ್ತೆ' ಅಂದ, ಅರೆಗನ್ನಡದಲ್ಲಿ.
ಅಲ್ಲಿ ಆಚೆ ದಡ ಇಲ್ಲವೆ, ಶೇಷ ಕೇಳಿದ.
ಇಲ್ಲ.
ಆಮೇಲೆ ನಾಲ್ಕು ಮನೆಗಳವರೆಗೆ ಹುಡುಗ ಮಗ್ಗಿ ಹೇಳಲಿಲ್ಲ.

ಮೂವತ್ತೊಂದು. ಮಗ್ಗದ ಮೇಲೆ ಅರ್ಧ ಸೀರೆ ಹಾಗೇ ಇತ್ತು.
ಬಾಗಿಲಲ್ಲೇ ನಿಂತು ಓದಿದೆ:
ಮುರಿಗೆಪ್ಪ? ಕೆಮ್ಮಿದ.
ಚನ್ನಾಜಿ? 'ನಾನೇಯ.'
ಪುಟ್ಟನಂಜಿ, ಹೆಣ್ಣು, ನಾಲ್ಕು ವರ್ಷ?
ಯಾರೂ ಏನೂ ಹೇಳಲಿಲ್ಲ.

ಶೇಷ ಲಾಂದ್ರ ಎತ್ತಿದ.
ಮೂಲೆಯಲ್ಲಿ ಆಸ್ಪತ್ರೆಯ ಕೊಯಿನದ ಪೊಟ್ಟಣ,
ಒಂದು ತೆರೆದದ್ದು, ಎರಡು ಹಾಗೇ.
ಹೊದಿಕೆ ಗಲ್ಲದವರೆಗೆ ಎಳೆದು ಸಿಕ್ಕಿಸಿದ್ದರು,
ಚಳಿಜ್ವರ ಇನ್ನೂ ಇದೆಯೆಂಬಂತೆ.
ನಾನು ಕೆಂಪು ಮಸಿಯ ಬಿರಡೆ ತೆಗೆದೆ.

'ಅಯ್ನೋರೆ,' ಚನ್ನಾಜಿ ಕೇಳಿದಳು,
ಹಾಲಿನ ಲೆಕ್ಕ ಕೇಳುವ ದನಿಯಲ್ಲಿ,
'ಬೆಳಗಾಗೋಗಂಟ ಇವತ್ತಿನ ರಾತ್ರೀನೇ ಅಲ್ವಾ?'

ಹುಕುಮಿನ ಹಾಳೆಯಲ್ಲಿ ಅದಕ್ಕೆ ಉತ್ತರವಿತ್ತು.
ಕಟ್ಟಿನ ಅಡಿಯಲ್ಲಿ, ಕಲಮು ಒಂಬತ್ತೋ ಹತ್ತೋ.
ಹುಡುಕಲಿಲ್ಲ. ಬಿರಡೆ ಮುಚ್ಚಿದೆ.
ಹೊರಗೆ ಬಂದರೆ ಕೋಳಿ ಕೂಗಲು ಇನ್ನೂ ಬಹಳ ಹೊತ್ತು.

ಲೆಕ್ಕ ತಾಳೆಯಾಯಿತೆಂದು ಕಚೇರಿಯಿಂದ ಕಾಗದ ಬಂತು.
ಶೇಷನಿಗೆ ಗೊತ್ತಿತ್ತು. ಬೆರಳು ಮಡಿಸಿದವನು
ಒಂದು ಬೆರಳನ್ನು ಹಾಗೇ ಬಿಟ್ಟ.

ಮಳೆಗೆ ಎಲ್ಲರ ಬಾಗಿಲ ಜಾಜು ಕರಗಿತು.
ಓದು ಬಾರದ ಚನ್ನಾಜಿ ಮಾತ್ರ
ಯುಗಾದಿಗೆ ಯುಗಾದಿಗೆ ತನ್ನ ಬಾಗಿಲದ್ದನ್ನು ತಿದ್ದುತ್ತಾಳೆ.
ಒಂದು ವರ್ಷ ಹಿಂದುಮುಂದಾಗಿ ಹದಿಮೂರು ಬರೆದಿದ್ದಳು.
ನೋಡಿದೆ. ಸರಿಪಡಿಸಲು ಹೋಗಲಿಲ್ಲ.